ಉದ್ಯೋಗ ತಾರತಮ್ಯದ ಪ್ರಕರಣಗಳನ್ನು ನಡೆಸುವ ವಕೀಲರಾಗುವ ಬಗೆ

ನಾಗರಿಕ ಹಕ್ಕು ಮತ್ತು ಉದ್ಯೋಗ ತಾರತಮ್ಯದ ಪ್ರಕರಣಗಳನ್ನೇ ಮುಖ್ಯವಾಗಿ ನಡೆಸಬೇಕೆಂದಿರುವ ಮೈಸೂರು, ಮಂಡ್ಯದ ವಿದ್ಯಾರ್ಥಿಗಳು ಮೊದಲು ಒಂದು ಸಂಗತಿಯನ್ನು ಅರಿತಿರಬೇಕು: ಖಾಸಗಿ ಉದ್ಯೋಗದ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮುದಾಯಗಳಿಗೂ ಪಾಲು ಸಿಗಬೇಕೆಂಬ ಪ್ರಶ್ನೆಯನ್ನು ಪರಿಶೀಲಿಸಲು 1918ರಲ್ಲಿಯೇ ಮಿಲ್ಲರ್ ಸಮಿತಿಯನ್ನು ನೇಮಿಸಿದ ಸಂಸ್ಥಾನ ನಮ್ಮದು. ಆದರೂ ಸಂವಿಧಾನದ 16ನೇ ವಿಧಿಯ ಸಮಾನಾವಕಾಶ ಇಂದಿಗೂ ಸರ್ಕಾರಿ ಉದ್ಯೋಗಕ್ಕೆ ಸೀಮಿತವೇ ಹೊರತು ಹೆಬ್ಬಾಳ ಅಥವಾ ನಂಜನಗೂಡಿನ ಖಾಸಗಿ ಕಾರ್ಖಾನೆಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಕಕ್ಷಿದಾರರು ಹೇಳಿಕೊಳ್ಳುವ ಅನ್ಯಾಯ ಯಾವ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಯಾರ ಮುಂದೆ, ಎಷ್ಟು ದಿನಗಳೊಳಗೆ ಹೂಡಬೇಕು ಎಂಬುದನ್ನು ಗುರುತಿಸುವುದೇ ಈ ವಕೀಲಿಕೆಯ ಮುಖ್ಯ ಕಸುಬು.

ಓದಿನ ದಾರಿ ಸರಳ. ಪಿಯುಸಿ ಮುಗಿಸಿದವರಿಗೆ ಐದು ವರ್ಷದ, ಪದವೀಧರರಿಗೆ ಮೂರು ವರ್ಷದ ಕಾನೂನು ಪದವಿ ಇದೆ. ಮೈಸೂರಿನಲ್ಲಿಯೇ ಜೆಎಸ್‌ಎಸ್, ಶಾರದಾ ವಿಲಾಸ, ವಿದ್ಯಾವರ್ಧಕ ಕಾನೂನು ಕಾಲೇಜುಗಳಿವೆ. ಬಳಿಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಸನ್ನದು ಪಡೆದು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಮೀರಕೂಡದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪು ನೀಡಿದೆ.

ಕಷ್ಟವಿರುವುದು ಆ ನಂತರ. ಕಾರ್ಮಿಕ ಮತ್ತು ಸೇವಾ ಪ್ರಕರಣಗಳನ್ನು ನಡೆಸುವ ಹಿರಿಯರ ಕಚೇರಿಯನ್ನೇ ಹುಡುಕಿಕೊಳ್ಳಬೇಕು. ಆಸ್ತಿ ವ್ಯಾಜ್ಯಗಳ ಕಚೇರಿಯಲ್ಲಿ ಐದು ವರ್ಷ ಕಳೆದವರು ಈ ಕಡೆಗೆ ಹೊರಳುವುದು ಅಪರೂಪ. ಕಿರಿಯರಿಗೆ ಕೊಡುವ ಭತ್ಯೆ ಸಾಲದು ಎಂಬುದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ, ಆದ್ದರಿಂದ ಮೊದಲ ಎರಡು ವರ್ಷದ ಖರ್ಚಿನ ಲೆಕ್ಕವನ್ನು ಮನೆಯವರೊಡನೆ ಕುಳಿತು ಹಾಕಿಕೊಳ್ಳಿ. ಬಿಡುವಿದ್ದ ದಿನಗಳಲ್ಲಿ ಮೈಸೂರಿನ ಕಾರ್ಮಿಕ ನ್ಯಾಯಾಲಯದಲ್ಲಿ ಕುಳಿತು ಪಾಟೀ ಸವಾಲುಗಳನ್ನು ಆಲಿಸಿ.

ಕೆಲಸದ ಬಗೆಗೆ ಒಂದು ಕಲ್ಪಿತ ಉದಾಹರಣೆ ನೋಡೋಣ. ಮದ್ದೂರಿನ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು, ತಾವು ಬಸುರಿಯೆಂದು ತಿಳಿದ ಮೇಲೆ ಕೆಲಸದಿಂದ ತೆಗೆದರೆಂದು ಹೇಳುತ್ತಾ ಬಂದರೆನ್ನಿ. ನೀವು ಮೊದಲು ಕೇಳಬೇಕಾದದ್ದು, ಅವರಿಂದ ಯಾವುದಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆಯೇ ಎಂಬುದನ್ನು. ಬಾಯಲ್ಲಿ ‘ತೆಗೆದರು’ ಎಂದಿರುವುದು ಕಡತದಲ್ಲಿ ‘ಸ್ವಇಚ್ಛೆಯ ರಾಜೀನಾಮೆ’ ಆಗಿದ್ದರೆ ಇಡೀ ವಾದದ ದಿಕ್ಕೇ ಬದಲಾಗುತ್ತದೆ. ಆಮೇಲೆ ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮಾ ನಿಗಮದ ವಂತಿಗೆ) ಕಡಿತವಾಗಿದೆಯೇ, ಹೆರಿಗೆ ಸೌಲಭ್ಯದ ಕಾನೂನು ಕೇಳುವಂತೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿದ್ದಾರೆಯೇ, ಬಸುರಿಯೆಂದು ಸೂಪರ್‌ವೈಸರ್‌ಗೆ ತಿಳಿಸಿದ್ದು ಯಾವ ದಿನ ಎಂಬುದನ್ನು ಬರೆದುಕೊಳ್ಳಿ. ಇಎಸ್‌ಐಗೆ ಒಳಪಟ್ಟವರಿಗೆ ಹೆರಿಗೆ ಸೌಲಭ್ಯ ಆ ನಿಗಮದಿಂದಲೇ ಬರಬೇಕಾಗುವುದರಿಂದ ಪರಿಹಾರದ ಹಾದಿ ಬೇರೆಯಾಗುತ್ತದೆ. ಉಳಿದವರ ವಿಷಯದಲ್ಲಿ, ಗರ್ಭಿಣಿಯಾಗಿದ್ದಾಗ ವಜಾ ಮಾಡಿದರೆಂಬ ಮಾತ್ರಕ್ಕೆ ಸೌಲಭ್ಯ ತಪ್ಪುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳಿದ್ದರೆ ಫೋನನ್ನು ಮಾರದಂತೆ, ಸಂದೇಶ ಅಳಿಸದಂತೆ ಅಂದೇ ಎಚ್ಚರಿಸಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಸಿದ್ಧಪಡಿಸುವಾಗ ಆ ಫೋನು ಬೇಕಾಗುತ್ತದೆ.

ಉಳಿದ ಪ್ರಕರಣಗಳಲ್ಲಿ ಬಾಗಿಲುಗಳು ಬೇರೆ. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯಂತೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಹೋಗಬೇಕು. ಹತ್ತಕ್ಕಿಂತ ಕಡಿಮೆ ಜನ ದುಡಿಯುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ. ರಾಜ್ಯ ಸರ್ಕಾರಿ ನೌಕರರ ಸೇವಾ ತಕರಾರು ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಶೋಕಪುರಂ ರೈಲ್ವೆ ಕಾರ್ಯಾಗಾರದ ನೌಕರರದು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗುತ್ತದೆ. ದಿನಗೂಲಿ ನೌಕರರ ಪರ ನಿಲ್ಲುವವರು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ, ನಿಯಮದಂತೆ ನೇಮಕವಾಗದ ತಾತ್ಕಾಲಿಕ ನೌಕರರಿಗೆ ಕಾಯಮಾತಿಯ ಹಕ್ಕಿಲ್ಲವೆಂದ 2006ರ ಉಮಾದೇವಿ ತೀರ್ಪನ್ನೂ, ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆಂದ 2016ರ ಜಗಜಿತ್ ಸಿಂಗ್ ತೀರ್ಪನ್ನೂ ಒಟ್ಟಿಗೆ ಓದಬೇಕು, ಏಕೆಂದರೆ ಎದುರು ಪಕ್ಷದವರು ಮೊದಲನೆಯದನ್ನು ಹಿಡಿದುಕೊಂಡೇ ಬರುತ್ತಾರೆ.

ಶುಲ್ಕ ಕೊಡಲಾಗದ ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ತಿಳಿಸಿ. ರಾಜಿಯ ಮಾತು ಬಂದಾಗ ಕರಡು ಇಂಗ್ಲಿಷಿನಲ್ಲಿದ್ದರೆ, ಸಹಿಗೆ ಮುನ್ನ ಕಕ್ಷಿದಾರರನ್ನು ಬೇರೆಯಾಗಿ ಕೂರಿಸಿಕೊಂಡು ಪ್ರತಿಯೊಂದು ಷರತ್ತನ್ನೂ ಕನ್ನಡದಲ್ಲಿ ಓದಿ ಹೇಳಬೇಕು ಮತ್ತು ಮರಳಿ ಕೆಲಸಕ್ಕೆ ಸೇರುವ ಹಕ್ಕನ್ನು ಬಿಟ್ಟುಕೊಡುವ ಸಾಲು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬೇಕು.