ಸೊಂಟದ ಬಟ್ಟಲು ಮುರಿದಾಗ ಡಾಕ್ಟರನ್ನು ಏನು ಕೇಳಬೇಕು?

ಕಾರಿನ ಡ್ಯಾಶ್‌ಬೋರ್ಡಿಗೆ ಮಂಡಿ ಬಡಿದರೆ ತೊಡೆಮೂಳೆಯ ಮೇಲ್ತುದಿಯ ಗುಂಡು ಹಿಂದಕ್ಕೆ ನುಗ್ಗಿ, ಅದು ಕೂರುವ ಸೊಂಟದ ಬಟ್ಟಲನ್ನೇ ಒಡೆಯಬಹುದು. ಗುಂಡು ಜಾರಿದ್ದರೆ ಕೆಲವೇ ಗಂಟೆಗಳಲ್ಲಿ ಕೂರಿಸಬೇಕು, ತಡವಾದಷ್ಟೂ ಆ ಗುಂಡಿನ ಮೂಳೆ ರಕ್ತ ಸಿಗದೆ ಸಾಯುವ ಅಪಾಯ ಜಾಸ್ತಿ. ಮೂಳೆ ಜೋಡಿಸುವ ಆಪರೇಷನ್ ಸಾಮಾನ್ಯವಾಗಿ ಅಷ್ಟು ಅವಸರದ್ದಲ್ಲ. ಸಿಟಿ ಸ್ಕ್ಯಾನ್ ಮಾಡಿಸಿ, ಇಂಥ ಕೇಸುಗಳಲ್ಲಿ ಪಳಗಿದ ಸರ್ಜನ್ನರನ್ನು ಹುಡುಕಿ, ಆದರೆ 2 ವಾರ ದಾಟಿಸಬೇಡಿ. 3 ವಾರ ಆದ ಮೇಲೆ ಚೂರುಗಳು ಅಡ್ಡಾದಿಡ್ಡಿ ಅಂಟಿಕೊಂಡು ಜೋಡಿಸುವುದು ಕಷ್ಟ.

ಆಪರೇಷನ್ ಆದಮೇಲೆ ಡಾಕ್ಟರು 'ಚೆನ್ನಾಗಾಯ್ತು' ಅಂದರೆ ಸುಮ್ನೆ ತಲೆಯಾಡಿಸಬೇಡಿ. ಜೋಡಿಸಿದ ಚೂರುಗಳ ನಡುವೆ ಎಷ್ಟು ಮಿಲಿಮೀಟರ್ ಏರುಪೇರು ಉಳಿದಿದೆ ಎಂದು ಕೇಳಿ. 1 ಮಿ.ಮೀ. ಒಳಗಿದ್ದರೆ ಒಳ್ಳೆಯದು, 3 ದಾಟಿದರೆ ಕೀಲು ಬೇಗ ಸವೆಯುವ ಸಾಧ್ಯತೆ ಹೆಚ್ಚು. ವಯಸ್ಸು, ತೊಡೆಮೂಳೆಯ ಗುಂಡಿನ ಮೇಲೆ ಬಿದ್ದ ಪೆಟ್ಟು ಕೂಡ ಲೆಕ್ಕಕ್ಕೆ ಬರುತ್ತವೆ. ಪಾದ ಮೇಲೆತ್ತಲು ಆಗದಿದ್ದರೆ ತಕ್ಷಣ ಹೇಳಿ, ನರಕ್ಕೆ ಪೆಟ್ಟಾಗಿರಬಹುದು.