ಹಾವಿನ ಪೊರೆಯಂತೆ ಎದ್ದುಬಂದ ಬಣ್ಣ

ನನ್ನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಗೇರ್ ಸುತ್ತಲಿನ ಪ್ಲಾಸ್ಟಿಕ್ಕಿಗೆ ನಾನೇ ಕಪ್ಪು ಸ್ಪ್ರೇ ಹೊಡೆದಿದ್ದೆ. ಎರಡೇ ತಿಂಗಳು, ಉಗುರು ತಾಗಿದಲ್ಲೆಲ್ಲ ಹಾವಿನ ಪೊರೆಯಂತೆ ಎದ್ದುಬಂತು. ತಪ್ಪು ನನ್ನದೇ. ಹೊಳಪಿಗೆಂದು ವರ್ಷಗಟ್ಟಲೆ ಒರೆಸಿದ ಸಿಲಿಕೋನ್ ಪಾಲಿಶ್ ಹಾಗೇ ಉಳಿದಿತ್ತು. ಅದರ ಮೇಲೆ ಬಣ್ಣ ಕೂರುವುದಿಲ್ಲ.

ಈ ಸಲ ಬಿಚ್ಚಿ, ಸೋಪುನೀರಲ್ಲಿ ತೊಳೆದು, ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆಯೇ 400 ನಂಬರಿನ ಎಮರಿ ಪೇಪರ್ ಹಿಡಿದೆ. ಬಣ್ಣ ಹಿಡಿದು ಕೂರಲೆಂದು ಮೊದಲು ಪ್ಲಾಸ್ಟಿಕ್ ಪ್ರೈಮರ್, ಆಮೇಲೆ ತೆಳುವಾಗಿ ಮೂರು ಕೋಟು.

ಬಾಗಿಲ ಪಟ್ಟಿಗೆ ಪ್ಲೈವುಡ್ ಅಂಗಡಿಯ ಬೀಟೆ ವಿನೀರ್, ಅಂದರೆ ಮರದ ತೆಳು ಹಾಳೆ. ತಿರುವಿನಲ್ಲಿ ಮೊದಲ ತುಂಡು ಚಟ್ಟನೆ ಸೀಳಿತು (ಹೊಟ್ಟೆ ಉರಿಯಿತು!). ಇನ್ನೊಂದನ್ನು ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ ಕಟ್ಟಿಟ್ಟು, ಪೂರ್ತಿ ಒಣಗಿದ ಮೇಲೆ ಅಂಟಿಸಿದೆ. ಮೇಲೆ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟು. ಏರ್‌ಬ್ಯಾಗ್ ಮುಚ್ಚಳದ ತಂಟೆಗೆ ಮಾತ್ರ ಹೋಗಲಿಲ್ಲ.