ತಪ್ಪಿಲ್ಲದೆ ಓದುತ್ತಾನೆ, ಆದರೆ ಮುಗಿಯುವುದಿಲ್ಲ

ಉಡುಪಿಯಲ್ಲಿ ಓದು–ಬರಹದ ತೊಂದರೆ ಇರುವ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಡಿಸ್ಲೆಕ್ಸಿಯಾ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಇಂಗ್ಲಿಷಿನ ಬಿ, ಡಿ ಅದಲುಬದಲಾಗುವುದು. ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅದನ್ನೇ ಹುಡುಕುತ್ತ ಕೂತರೆ ಎಷ್ಟೋ ಮಕ್ಕಳು ಕಣ್ಣಿಗೇ ಬೀಳುವುದಿಲ್ಲ. ಇವರು ಅಕ್ಷರಕ್ಕಕ್ಷರ ಕೂಡಿಸಿ ಹೆಚ್ಚುಕಡಿಮೆ ಸರಿಯಾಗಿಯೇ ಓದುತ್ತಾರೆ. ಆದರೆ ಪಕ್ಕದವನು ಪುಟ ಮಗುಚುವಾಗ ಇವರು ಎರಡನೇ ಸಾಲಿನಲ್ಲಿರುತ್ತಾರೆ.

2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನನಗೆ ಈ ವಿಷಯದಲ್ಲಿ ದಾರಿ ತೋರಿಸಿತು. ಪೌಲೆಸು ಮತ್ತು ಸಂಗಡಿಗರು ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವ ಓದುಗರನ್ನು ಹೋಲಿಸಿ ನೋಡಿದ್ದರು. ಬರೆದಂತೆ ಓದುವ ಭಾಷೆಯಾದ್ದರಿಂದ ಇಟಲಿಯವರ ಓದಿನಲ್ಲಿ ತಪ್ಪು ಕಡಿಮೆ. ಆದರೂ ಓದುವಾಗ ಮಿದುಳಿನ ಚಿತ್ರ ತೆಗೆದಾಗ ಮೂರೂ ಕಡೆಯವರಲ್ಲಿ ಎಡಭಾಗದ ಒಂದೇ ಜಾಗದ ಚಟುವಟಿಕೆ ತಗ್ಗಿತ್ತು. ಕನ್ನಡವೂ ಬರೆದಂತೆ ಓದುವ ಭಾಷೆಯೇ. ಆದರೆ ನಮ್ಮಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ 400 ದಾಟುತ್ತದೆ, ಒತ್ತಕ್ಷರದ ಲೆಕ್ಕ ಬೇರೆ.

ತಂದೆತಾಯಿ ಮೊದಲು ಹೋಗುವುದು ಕಣ್ಣಿನ ಡಾಕ್ಟರ ಹತ್ತಿರ. ಹೋಗಲಿ, ದೃಷ್ಟಿ ಪರೀಕ್ಷೆ ಹೇಗೂ ಆಗಬೇಕು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಅಂತ ದುಡ್ಡು ಸುರಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆಮೇಲಿನ ಪ್ರಶ್ನೆ, "ತಲೆ ಸ್ಕ್ಯಾನ್ ಮಾಡಿಸ್ಬೇಕಾ ಮೇಡಂ?" ಬೇಡ. ಆಸ್ಪತ್ರೆಯ ಸ್ಕ್ಯಾನಿನಲ್ಲಿ ಡಿಸ್ಲೆಕ್ಸಿಯಾ ಕಾಣಿಸುವುದಿಲ್ಲ. ಸಂಶೋಧಕರು ಹೇಳುವ ವ್ಯತ್ಯಾಸ ಬಹಳ ಜನರ ಚಿತ್ರಗಳನ್ನು ಗುಂಪಾಗಿ ಹೋಲಿಸಿದಾಗ ತಿಳಿಯುವಂಥದ್ದು, ಒಂದು ಮಗುವಿನ ತಲೆಯಲ್ಲಿ ಬೆರಳಿಟ್ಟು ತೋರಿಸುವಂಥದ್ದಲ್ಲ.

ಅವರಿಗೆ ನಾನು ಎಡಗಿವಿಯ ಮೇಲೆ ಕೈಯಿಟ್ಟು ತೋರಿಸುತ್ತೇನೆ. ಇದರ ಸ್ವಲ್ಪ ಹಿಂದೆ, ಮೇಲೆ, ಅಕ್ಷರವನ್ನು ಸದ್ದಿನ ಜೊತೆ ಕೂಡಿಸುವ ಜಾಗ. ಇನ್ನೂ ಹಿಂದೆ, ತಳದಲ್ಲಿ, ಕಂಡು ಕಂಡು ರೂಢಿಯಾದ ಪದವನ್ನು ಕ್ಷಣದಲ್ಲಿ ಗುರುತು ಹಿಡಿಯುವ ಜಾಗ. ಹುಟ್ಟುವಾಗ ಯಾರ ಮಿದುಳಿನಲ್ಲೂ ಓದಿಗೆಂದೇ ಜಾಗ ಇರುವುದಿಲ್ಲ. ಮಾತಿಗೆ, ನೋಟಕ್ಕೆ ಇರುವುದನ್ನೇ ಓದು ಬಳಸಿಕೊಳ್ಳಬೇಕು. ಮೊದಲನೆಯ ಜಾಗದಲ್ಲಿ ಸದ್ದು–ಅಕ್ಷರದ ಬೆಸುಗೆ ಗಟ್ಟಿಯಾಗದಿದ್ದರೆ ಎರಡನೆಯದಕ್ಕೆ ಪದಗಳು ರೂಢಿಯಾಗುವುದಿಲ್ಲ. ನೂರು ಸಲ ನೋಡಿದ ಪದವೂ ಹೊಸದರಂತೆ ಕಾಣುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ವಂಶದಲ್ಲಿ ಬರುವುದುಂಟು. ಇಷ್ಟು ಹೇಳಿದ ಮೇಲೆ ಅಪ್ಪಂದಿರಲ್ಲಿ ಕೆಲವರು ಮೆಲ್ಲ ಬಾಯಿ ಬಿಡುತ್ತಾರೆ: "ನನಗೂ ಹಾಗೇ ಇತ್ತು ಮೇಡಂ, ಪೆಟ್ಟು ತಿಂದದ್ದಕ್ಕೆ ಲೆಕ್ಕ ಇಲ್ಲ."

ಮಲ್ಪೆ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಐದನೇ ಕ್ಲಾಸು, ಮನೆಯಲ್ಲಿ ತುಳು. ಇಂಥ ಮಕ್ಕಳು 'ಭಾಷೆ'ಯನ್ನು 'ಬಾಷೆ' ಎಂದು ಬರೆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆಯ ಮಾತಿನಲ್ಲಿ ಮಹಾಪ್ರಾಣ ಇಲ್ಲದ ಮೇಲೆ ಬರಹಕ್ಕೆ ಎಲ್ಲಿಂದ ಬರಬೇಕು? ಆದ್ದರಿಂದ ಮೊದಲು ಪುಸ್ತಕ ಮುಚ್ಚಿಟ್ಟು ತುಳುವಿನಲ್ಲೇ ಬಾಯಿಮಾತಿನ ಪರೀಕ್ಷೆ. 'ಬಂಗುಡೆ'ಯಲ್ಲಿ ಬಂ ತೆಗೆದರೆ? "ಗುಡೆ" ಅಂತ ತಕ್ಷಣ ಹೇಳಿದ. 'ಪುಚ್ಚೆ'ಯ ಮೊದಲಿಗೆ ಪಕಾರದ ಬದಲು ಮಕಾರ ಇಟ್ಟರೆ? ಅಲ್ಲಿಗೆ ಸುಸ್ತು. ಇಡೀ ಅಕ್ಷರವನ್ನು ತೆಗೆಯುವುದು ಗೊತ್ತು, ಅಕ್ಷರದೊಳಗಿನ ಸದ್ದನ್ನು ಬಿಡಿಸುವುದು ಗೊತ್ತಿಲ್ಲ. ಕನ್ನಡ ಕಲಿಯುವ ಎಲ್ಲ ಮಕ್ಕಳಿಗೂ ಇದು ತಡವಾಗಿಯೇ ಬರುತ್ತದೆ, ನಿಜ. ಆದರೆ ಇವನಿಗೆ ಪರಿಚಿತ ಚಿತ್ರಗಳ ಹೆಸರನ್ನು ಬೇಗ ಬೇಗ ಹೇಳುವುದೂ ಕಷ್ಟವಾಯಿತು. ಓಡುವ ಬಸ್ಸಿನಲ್ಲಿ ಪರಿಚಯದವರನ್ನು ಕಂಡರೂ ಹೆಸರು ನಾಲಿಗೆಗೆ ಬಾರದವರ ಹಾಗೆ ತಡವರಿಸಿದ. ಇವೆರಡೂ ಒಟ್ಟಿಗೆ ಕಂಡರೆ ನಾನು ತಡಮಾಡದೆ ಪೂರ್ತಿ ಪರೀಕ್ಷೆಗೆ ಮನಃಶಾಸ್ತ್ರಜ್ಞರ ಬಳಿ ಕಳಿಸುತ್ತೇನೆ.

ಅವನು ಎಡವುತ್ತಿದ್ದ ಜಾಗ ಒತ್ತಕ್ಷರ, ಅದರಲ್ಲೂ ಅರ್ಕಾವತ್ತು. 'ಸೂರ್ಯ' ಎಂಬಲ್ಲಿ 'ಸೂಯರ' ಎಂದು ಓದುತ್ತಿದ್ದ. ಅವನನ್ನು ದೂರಿ ಏನು ಮಾಡುವುದು? ಬಾಯಿಯಲ್ಲಿ ಮೊದಲು ಬರುವ ರಕಾರವನ್ನು ನಾವು ಯಕಾರದ ನಂತರ ಬರೆಯುತ್ತೇವೆ. ಸದ್ದು ಒಂದು ಕ್ರಮ, ಬರಹ ಇನ್ನೊಂದು ಕ್ರಮ. ಹಾಗಾಗಿ ಮೊದಲು ಕೇಳಿಸಿದ್ದೇ ಸಾಲಾಗಿ ಬರುವಂತೆ ರ ಬರೆದು ಅದಕ್ಕೆ ಯ ಒತ್ತು ಕೊಟ್ಟು ತೋರಿಸಿದೆ: 'ಸೂರ‍್ಯ'. ಸೂರ್ ಅಂತ ಎಳೆದು ನಿಲ್ಲಿಸಿ, ಮೇಜಿಗೆ ತಟ್ಟಿ, ಯ. ಕಾರ್ಯ, ಮಾರ್ಗ, ವರ್ಷ ಎಲ್ಲ ಹಾಗೇ. ಕಿವಿಗೆ ಗಟ್ಟಿಯಾದ ಮೇಲೆಯೇ ಅರ್ಕಾವತ್ತಿನ ರೂಪವನ್ನು ಪಕ್ಕದಲ್ಲಿಟ್ಟು, ಈ ಚಿಹ್ನೆ ಕಂಡರೆ ಅದು ಅಂಟಿಕೊಂಡ ಅಕ್ಷರಕ್ಕಿಂತ ಮೊದಲೇ ರ್ ಅನ್ನಬೇಕು ಅಂತ ಕಲಿಸಿದೆ. ಮರಳಿನ ಮೇಲೆ ಬರೆಸುವುದನ್ನೂ ಮಾಡುತ್ತೇನೆ, ಮಕ್ಕಳಿಗೆ ಖುಷಿ. ಆದರೆ ಸದ್ದು ಹೇಳದೆ ಬರೆದರೆ ಅದು ಚಿತ್ರ ಬಿಡಿಸಿದ ಹಾಗೆಯೇ ಆಯಿತು.

ಹೀಗೆ ಸದ್ದಿನ ಮೇಲೆ ಕೆಲಸ ಮಾಡಿದರೆ ಮಿದುಳೂ ಬದಲಾಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ತರಬೇತಿ ಕೊಟ್ಟ ಬಳಿಕ ಎಡಭಾಗದಲ್ಲಿ ಅಕ್ಷರವನ್ನು ಸದ್ದಿನ ಜೊತೆ ಕೂಡಿಸುವ ಆ ಜಾಗದ ಚಟುವಟಿಕೆ ಹೆಚ್ಚಿದ್ದು 2003ರ ಒಂದು ಅಮೆರಿಕನ್ ಅಧ್ಯಯನದಲ್ಲಿ ದಾಖಲಾಗಿದೆ. ಆದರೂ ವೇಗ ಅಷ್ಟು ಸುಲಭಕ್ಕೆ ಬರುವುದಿಲ್ಲ. ನಮ್ಮ ಹುಡುಗ ಈಗ ಅರ್ಕಾವತ್ತಿಗೆ ಹೆದರುವುದಿಲ್ಲ, ಆದರೆ ಸಮಾಜ ವಿಜ್ಞಾನದ ಪಾಠವನ್ನು ಅಕ್ಕ ಓದಿ ಹೇಳಿದರೇ ಅವನಿಗೆ ಅನುಕೂಲ. ಓದಿ ಹೇಳಲಿ, ತಪ್ಪೇನಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಸರ್ಟಿಫಿಕೇಟಿಗೆ ಓಡಿ ಬರುವವರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಲು ಅವಕಾಶ ಉಂಟು. ಆದರೆ ಪರೀಕ್ಷೆ, ವರದಿ, ಶಾಲೆಯ ಪತ್ರ ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ. ಎಂಟನೇ ಕ್ಲಾಸಿನಲ್ಲೇ ಬನ್ನಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.